ಕಣದ ಅಂಚಿನ ಕ್ಯಾಚು

ನನ್ನ ಬೆರಳುಗಳನ್ನು ಹೊಸದಾಗಿ ನೋಡಿದವರು ಮೊದಲು ಕೇಳುವುದು, ‘ಯಾವ ಮಷೀನಿಗೆ ಸಿಕ್ಕಿದ್ವು?’ ಎಂದು. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದವನು ಅಂದಮೇಲೆ ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಮಿಲ್ಲಿನ ಮಷೀನುಗಳು ನನಗೆ ಒಂದು ಗೀರನ್ನೂ ಎಳೆದಿಲ್ಲ. ಬಲಗೈ ಕಿರುಬೆರಳು ಮುರಿದದ್ದು ಹರಪನಹಳ್ಳಿಯಲ್ಲಿ, ಅದರ ಪಕ್ಕದ್ದು ಕೂಡ್ಲಿಗಿಯಲ್ಲಿ. ಎಡಗೈ ಹೆಬ್ಬೆರಳು ಹಡಗಲಿಯಲ್ಲಿ ಎರಡು ಸಲ ಮುರಿಯಿತು, ಒಮ್ಮೆ ಬಾಲಿಗೆ, ಇನ್ನೊಮ್ಮೆ ಬಸ್ಸಿನ ಬಾಗಿಲಿಗೆ. ಬಸ್ಸಿನದನ್ನೂ ನಾನು ಕ್ರಿಕೆಟ್ಟಿನ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ, ಯಾಕೆಂದರೆ ಆ ಬಸ್ಸು ಮ್ಯಾಚಿಗೆ ಹೊರಟಿತ್ತು. ಪ್ರತಿ ಸಲವೂ ಎಲುಬು ಕೂಡಿಸುವ ಅಜ್ಜನೊಬ್ಬ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿ ಕಟ್ಟುತ್ತಿದ್ದ. ಅವನಿಗೆ ಎಲುಬು ಕೂಡಿಸುವುದು ಬರುತ್ತಿತ್ತು, ನೆಟ್ಟಗೆ ಕೂಡಿಸುವುದು ಬರುತ್ತಿರಲಿಲ್ಲ.

ನಾನು ವಿಕೆಟ್ ಕೀಪರ್. ಬ್ಯಾಟು ಹಿಡಿದವನ ಹೆಸರು ಊರೆಲ್ಲ ಗೊತ್ತಿರುತ್ತದೆ, ಬಾಲು ಎಸೆಯುವವನಿಗೆ ಚಾ ಅಂಗಡಿಯಲ್ಲಿ ಬಿಟ್ಟಿ ಚಾ ಸಿಗುತ್ತದೆ. ಕೀಪರ್‌ಗೆ ಸಿಗುವುದು ಮೊಣಕಾಲು ನೋವು. ಹಾಗಿದ್ದರೂ ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ನಾಲ್ಕೈದು ತಾಲೂಕುಗಳಲ್ಲಿ ಕ್ರಿಕೆಟ್ಟಿನಿಂದಲೇ ಹೊಟ್ಟೆ ಹೊರೆದವನು ಯಾರಾದರೂ ಇದ್ದರೆ ಅದು ನಾನೇ. ಈ ಮಾತನ್ನು ಯಾರಾದರೂ ಅಲ್ಲಗಳೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ವಿದ್ಯೆ ನನಗೆ ಕಲಿಸಿದ್ದು ಒಂದು ಬಾವಿ. ನಮ್ಮೂರು ಗುಡೇಕೋಟೆಯ ಕಡೆ. ಎಲ್ಲಿ ನೋಡಿದರೂ ಬಂಡೆ, ಜಾಲಿ, ಆಡು. ಆಡುವುದಕ್ಕೆ ಸಮನಾದ ನೆಲ ಅಂತ ಇದ್ದದ್ದು ಒಂದೇ ಕಡೆ, ದೊಡ್ಡ ಕಲ್ಲುಬಾವಿಯ ಪಕ್ಕದಲ್ಲಿ. ಸೂರ್ಯ ಕಣ್ಣಿಗೆ ಹೊಡೆಯಬಾರದು ಅಂದರೆ ಬ್ಯಾಟು ಹಿಡಿದವನು ಬಾವಿಗೆ ಬೆನ್ನು ಹಾಕಿಯೇ ನಿಲ್ಲಬೇಕು. ಹಿಂದೆ ಹೋದ ಬಾಲು ಸೀದಾ ನೀರಿಗೆ. ಹಿಂದೆ ನಿಂತು ಬಾಲು ಬಿಟ್ಟವನೇ ಬಾವಿಗಿಳಿದು ತರಬೇಕು ಅಂತ ದೊಡ್ಡ ಹುಡುಗರು ಕಾನೂನು ಮಾಡಿದ್ದರು. ನನಗೆ ಈಜು ಬರುತ್ತಿರಲಿಲ್ಲ. ಬಾವಿಯ ಹತ್ತಿರ ಸುಳಿದರೆ ಕಾಲು ಮುರಿಯುತ್ತೇನೆ ಅಂತ ಅವ್ವ ಬೇರೆ ಹೇಳಿದ್ದಳು. ಸರಿ, ಇನ್ನೇನು ಮಾಡುವುದು? ಕೈಗೆ ಸಿಗದಿದ್ದರೆ ಎದೆಗೆ, ಎದೆಗೆ ಸಿಗದಿದ್ದರೆ ಮುಖಕ್ಕೆ, ಒಟ್ಟಿನಲ್ಲಿ ಬಾಲು ನನ್ನನ್ನು ದಾಟಬಾರದು. ಮೈಯೆಲ್ಲ ಕಣ್ಣಾಗಿ ಕೂತುಕೊಳ್ಳುವುದು ಅನ್ನುತ್ತಾರಲ್ಲ, ಅದು ನನಗೆ ಭಯದಿಂದ ಬಂತು. ಮೂಗಿನಿಂದ ರಕ್ತ ಸೋರಿಸಿಕೊಂಡು ಮನೆಗೆ ಹೋದರೆ ಅವ್ವ, ‘ಯಾವನ್ ಹೊಡೆದ, ಹೇಳಲೇ!’ ಎಂದು ಬೀದಿಗಿಳಿಯುತ್ತಿದ್ದಳು. ಯಾರೂ ಹೊಡೆದಿಲ್ಲ, ನಾನೇ ತಡೆದೆ ಅಂದರೆ ನಂಬುತ್ತಿರಲಿಲ್ಲ.

ಹೈಸ್ಕೂಲು ಮುಗಿಯುವ ಹೊತ್ತಿಗೆ ಬಾಲು ರಬ್ಬರಿನಿಂದ ಕಾರ್ಕಿಗೆ ಬಂತು. ಕಾರ್ಕ್ ಬಾಲು ಅಂದರೆ ಕಲ್ಲಿನ ಸ್ವಂತ ತಮ್ಮ. ಪ್ಯಾಡು ಕೊಳ್ಳುವ ತಾಕತ್ತು ನಮಗೆಲ್ಲಿಂದ? ಅವ್ವನೇ ಹಳೇ ಸೀರೆಗಳನ್ನು ಪದರ ಪದರ ಹಾಕಿ, ನಡುವೆ ಬಿದಿರಿನ ದಬ್ಬೆ ಇಟ್ಟು, ಕೌದಿ ಹೊಲಿದ ಹಾಗೆ ಹೊಲಿದು ಎರಡು ಪ್ಯಾಡು ಮಾಡಿಕೊಟ್ಟಳು. ಒಂದರ ಮೇಲೆ ಹಸಿರು ಅಂಚು, ಇನ್ನೊಂದರ ಮೇಲೆ ಕೆಂಪು ಹೂವು. ಕೂಡ್ಲಿಗಿಯ ಮೈದಾನಕ್ಕೆ ಅವನ್ನು ಕಟ್ಟಿಕೊಂಡು ಇಳಿದ ಮೊದಲ ದಿನ ಎದುರು ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಲೇ, ಹಾಸಿಗಿ ಕಟ್ಕೊಂಡು ಬಂದಾನಲೇ, ಮಲಗಾಕ ಬಂದೀಯೋ ಆಡಾಕ ಬಂದೀಯೋ?’ ಎಂದು ಕೇಳಿದರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಕೀಪರ್‌ಗೆ ಎರಡು ಕೈ ಎಷ್ಟು ಮುಖ್ಯವೋ ಬಾಯಿ ಅದಕ್ಕಿಂತ ಮುಖ್ಯ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕೂತು ಅವನ ಮನಸ್ಸು ಕದಡಬೇಕು. ಬೈಗುಳ ನನ್ನ ಬಾಯಲ್ಲಿ ಒಂದೂ ಬರುತ್ತಿರಲಿಲ್ಲ. ಎಲ್ಲ ಪ್ರೀತಿಯ ಮಾತುಗಳೇ. ಆ ದಿನ ನಕ್ಕವರ ಪೈಕಿ ಒಬ್ಬ ದಪ್ಪ ಮೀಸೆಯವನು ಚೆನ್ನಾಗಿ ಬಾರಿಸುತ್ತಿದ್ದ. ಬೌಲರ್ ಓಡಿ ಬರುತ್ತಿರುವಾಗ ನಾನು ಹಿಂದಿನಿಂದ ಮೆತ್ತಗೆ, ‘ಅಣ್ಣಾ, ಮನ್ಯಾಗ ಎಮ್ಮಿ ಕಟ್ಟಿ ಬಂದೀಯಿಲ್ಲ?’ ಎಂದೆ. ಅವನು, ‘ಹಾಂ?’ ಎಂದು ಅರ್ಧ ತಿರುಗಿದ. ಮೂರೂ ಕಡ್ಡಿ ಹಾರಿದವು. ಬ್ಯಾಟು ಎತ್ತಿಕೊಂಡು ನನ್ನನ್ನೇ ಅಟ್ಟಿಸಿಕೊಂಡು ಬಂದ. ಪ್ಯಾಡು ಕಟ್ಟಿಕೊಂಡೇ ಮೈದಾನ ಸುತ್ತು ಹಾಕಿದೆ. ಜನ ಬಿದ್ದು ಬಿದ್ದು ನಕ್ಕರು. ಅವರಲ್ಲಿ ಕೊಟ್ಟೂರಿನ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಜೀಪಿನ ಮೇಲೆ ಕೂತು ನಗುತ್ತಿದ್ದರು.

ಆ ಸಾಹುಕಾರರಿಗೆ ಕ್ರಿಕೆಟ್ಟು ಅಂದರೆ ಹುಚ್ಚು. ಶೇಂಗಾ ವ್ಯಾಪಾರ ಎಷ್ಟೇ ಇರಲಿ, ರೇಡಿಯೋದಲ್ಲಿ ಕಾಮೆಂಟರಿ ಬಂದರೆ ಗಲ್ಲಾಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು. ಮಿಲ್ಲಿನ ಹೆಸರಿನಲ್ಲಿ ಒಂದು ತಂಡ ಕಟ್ಟಿದ್ದರು. ಆಟ ಮುಗಿದ ಮೇಲೆ ನನ್ನನ್ನು ಕರೆದು, ‘ತಮ್ಮಾ, ನಮ್ಮ ಮಿಲ್ಲಿಗೆ ಬರ್ತೀಯೇನು? ಗೇಟಿನಾಗ ಚೀಲ ನೋಡ್ಕೊಂಡಿರು. ಐತ್ವಾರ ವಿಕೆಟ್ ಹಿಂದ ಕುಂದ್ರು,’ ಎಂದರು. ನಾನು, ‘ಬಾಯಿ ಮಾತ್ರ ನಿಲ್ಲೂದಿಲ್ಲರಿ,’ ಎಂದೆ. ‘ಬಾಯಿ ಸಲುವಾಗೇ ಕರೆಯಾಕತ್ತೀನಿ ನಿನ್ನ,’ ಎಂದು ಅವರು ಮತ್ತೆ ನಕ್ಕರು. ಹೀಗೆ ನಾನು ಕೊಟ್ಟೂರು ಸೇರಿದೆ.

ಮಿಲ್ಲಿನಲ್ಲಿ ನನ್ನ ಕೆಲಸ ಟೆಂಪ್ರವರಿ. ಚೀಲ ಒಳಗೆ ಬಂದದ್ದು, ಹೊರಗೆ ಹೋದದ್ದು ನೋಡುವುದು. ಉಳಿದವರು ಹಮಾಲಿ ಮಾಡುತ್ತಿದ್ದರು, ಬಾಯ್ಲರ್ ನೋಡುತ್ತಿದ್ದರು, ಹಿಂಡಿ ತುಂಬುತ್ತಿದ್ದರು. ನಮ್ಮ ಕ್ಯಾಪ್ಟನ್ ಮಿಲ್ಲಿನ ಫಿಟ್ಟರು, ಬರಿಗಾಲಲ್ಲಿ ಓಡಿ ಬಂದು ಬಾಲು ಎಸೆಯುತ್ತಿದ್ದ ಆರಡಿ ಆಳು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ. ಅವನ ಬಾಲು ಹಿಡಿಯುವುದು ಅಂದರೆ ಓಡುವ ಲಾರಿಯಿಂದ ಬಿದ್ದ ಚೀಲ ಹಿಡಿದ ಹಾಗೆ. ಅಂಗೈ ಸಂಜೆವರೆಗೆ ಧಗಧಗ ಉರಿಯುತ್ತಿತ್ತು. ಗ್ಲೌಸಿನ ಒಳಗೆ ಹತ್ತಿ ತುಂಬಿಕೊಳ್ಳುತ್ತಿದ್ದೆ. ಮೈಗೆಲ್ಲ ಶೇಂಗಾ ಹಿಂಡಿಯ ವಾಸನೆ. ನಾನು ಹಿಂದೆ ಕೂತರೆ ಬ್ಯಾಟ್ಸ್‌ಮನ್‌ಗಳಿಗೆ ಹಸಿವಾಗುತ್ತದೆ ಅಂತ ತಮಾಷೆ ಮಾಡುತ್ತಿದ್ದರು. ಖುಷಿಯ ದಿನಗಳು ಅವು. ಒಂದು ಐತ್ವಾರ ಹಡಗಲಿ, ಇನ್ನೊಂದು ಐತ್ವಾರ ಹರಪನಹಳ್ಳಿ. ಗೆದ್ದರೆ ಬಸ್ಸಿನ ಟಾಪಿನ ಮೇಲೆ ಕೂತು ಕಿರುಚಿಕೊಂಡು ಬರುವುದು, ಸೋತರೆ ಒಳಗೆ ಕೂತು ಅಂಪೈರನ್ನು ಬೈಯುತ್ತ ಬರುವುದು.

ಇಂಥದ್ದರಲ್ಲಿ ಹಡಗಲಿಯಲ್ಲಿ ನಮ್ಮ ಬಳಗದ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಒಬ್ಬ ಹುಡುಗಿ ಬುಟ್ಟಿ ಹಿಡಿದು ಹೋಳಿಗೆ ಬಡಿಸುತ್ತ ಬಂದಳು. ಜಡೆಯಲ್ಲಿ ಹಡಗಲಿ ಮಲ್ಲಿಗೆ. ‘ಸಾಕು’ ಎಂದು ಎಲೆಗೆ ಅಡ್ಡ ಕೈ ಹಿಡಿದೆ. ಕಿರುಬೆರಳು ಒಂದು ಕಡೆ, ಅದರ ಪಕ್ಕದ್ದು ಇನ್ನೊಂದು ಕಡೆ ನೋಡುತ್ತಿದ್ದವು. ಅವಳು ಆ ಕೈಯನ್ನೇ ನೋಡಿ ಕಿಸಕ್ಕೆಂದು ನಕ್ಕು, ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸಿ ಮುಂದೆ ಹೋದಳು. ನನ್ನ ಕೈ ದಾಟಿ ಏನಾದರೂ ಹೋದದ್ದು ಆ ವರ್ಷ ಅದೇ ಮೊದಲು. ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಆ ಹುಡುಗಿಯೇ ಬೇಕು ಅನ್ನಿಸಿತು, ಬೇರೆ ಯಾರೂ ಬೇಡ. ನಾಚಿಕೆ ಬಿಟ್ಟು ಸೋದರಮಾವನಿಗೆ ಹೇಳಿದೆ. ಅವನು, ‘ಎಲಾ ಇವನ! ಕಲ್ಲು ಹಿಡಿಯಾವ್ಗೂ ಮನಸೈತಲ್ಲೋ!’ ಎಂದು ಬೆನ್ನಿಗೊಂದು ಗುದ್ದಿ ವಿಚಾರಿಸಲು ಹೊರಟ.

ಹುಡುಗಿ ಹಗರಿಬೊಮ್ಮನಹಳ್ಳಿಯವಳು. ಊರ ಅಂಚಿನಲ್ಲೇ ಹೊಲ, ಮನೆ. ಅಪ್ಪ ಒಳ್ಳೆ ಒಕ್ಕಲಿಗ, ಮಾತು ಕಡಿಮೆ. ಮನೆಯಲ್ಲಿ ಅವನ ತಾಯಿ, ಅಂದರೆ ಹುಡುಗಿಯ ಅಜ್ಜಿ, ಅವಳದೇ ದರ್ಬಾರು. ಸೋದರಮಾವ ಹೋಗಿ ಬಂದು ಹೇಳಿದ್ದು ಇಷ್ಟು: ‘ಹುಡುಗನ ಮನಿತನ ಒಪ್ಪಿಗಿ ಐತಂತ. ಆದ್ರ ಕೆಲಸ ಕೇಳಿದ್ರು. ಮಿಲ್ಲಿನಾಗ ಅದಾನ ಅಂದೆ. ಖಾಯಮ್ಮೋ ಟೆಂಪ್ರವರಿಯೋ ಅಂದ್ರು. ಟೆಂಪ್ರವರಿ ಅಂದೆ. ಏನ್ ಮಾಡ್ತಾನ ಅಂದ್ರು. ಬಾಲು ಹಿಡೀತಾನ ಅಂದೆ.’

‘ಯಾಕ ಹಂಗಂದಿ ಮಾವಾ?’ ಎಂದು ನಾನು ತಲೆ ಚಚ್ಚಿಕೊಂಡೆ.

‘ಮತ್ತೇನನ್ಲಿ? ಸುಳ್ಳು ಹೇಳ್ಲೇನು? ಅದಕ್ಕ ಅವರಂದ್ರು, ಬಾಲು ಹಿಡಿಯಾವ್ಗ ನಾಳೆ ಬಾಲು ಬರದಿದ್ರ ಹೆಂಗ? ಖಾಯಂ ಆಗ್ಲಿ, ಆಮ್ಯಾಲೆ ಹೆಣ್ಣು ನೋಡಾಕ ಬರ್ರಿ ಅಂತ.’

ನಾನು ಮರುದಿನವೇ ಸಾಹುಕಾರರ ಮುಂದೆ ನಿಂತೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಈ ಸಲ ಹಗರಿಬೊಮ್ಮನಹಳ್ಳಿ ಟೂರ್ನಮೆಂಟಿನ ಕಪ್ಪು ನನ್ನ ಟೇಬಲ್ ಮ್ಯಾಲೆ ತಂದಿಡು. ಅವತ್ತ ನೀನು ಖಾಯಂ,’ ಎಂದರು. ಅಲ್ಲಿಗೆ ಲೆಕ್ಕ ಸರಳವಾಯಿತು. ಕಪ್ಪು ಬಂದರೆ ಕೆಲಸ, ಕೆಲಸ ಬಂದರೆ ಹುಡುಗಿ. ನಾನು ಆ ಚಳಿಗಾಲವೆಲ್ಲ ಮಿಲ್ಲಿನ ಗೋಡೆಗೆ ಬಾಲು ಹೊಡೆದು ಹಿಡಿದೆ, ಹೊಡೆದು ಹಿಡಿದೆ. ಗೋಡೆಯ ಸುಣ್ಣ ಉದುರುತ್ತಿದೆ ಅಂತ ಮೇಸ್ತ್ರಿ ಬಂದು ಬೈದು ಹೋಗುತ್ತಿದ್ದ.

ನಾವು ಒಂದೊಂದೇ ಮ್ಯಾಚು ಗೆಲ್ಲುತ್ತ ಫೈನಲ್ಲಿಗೆ ಬಂದೆವು. ಎದುರಿಗೆ ಹರಪನಹಳ್ಳಿಯವರು. ಕೊಟ್ಟೂರಿನಿಂದ ಬೆಳಗಿನ ರೈಲಿಗೆ ಹೊರಟರೆ ಹಗರಿಬೊಮ್ಮನಹಳ್ಳಿ ದೂರವೇನಲ್ಲ. ಡಬ್ಬಿಯಲ್ಲಿ ಎಲ್ಲರೂ ಹಾಡು, ಕೂಗಾಟ. ನನ್ನ ಬಾಯಿಗೆ ಮಾತ್ರ ಬೀಗ ಬಿದ್ದಿತ್ತು. ಕ್ಯಾಪ್ಟನ್ ನನ್ನ ಭುಜ ಹಿಡಿದು ಅಲ್ಲಾಡಿಸಿ, ‘ಯಾಕಲೇ, ಬಾಯಿ ಮನ್ಯಾಗ ಬಿಟ್ಟು ಬಂದೀಯೇನು? ಇವತ್ತ ನೀನು ಮದಿವಿ ಹುಡುಗ, ಗೊತ್ತೈತಿಲ್ಲ?’ ಎಂದ. ಸುದ್ದಿ ತಂಡಕ್ಕೆಲ್ಲ ಗೊತ್ತಿತ್ತು. ಗೊತ್ತು ಮಾಡಿದವನು ಸೋದರಮಾವ. ಅವನೂ ನಮ್ಮ ಜೊತೆಗೇ ಶೇಂಗಾ ಬಿಡಿಸಿ ತಿನ್ನುತ್ತ ಕೂತಿದ್ದ.

ಮೈದಾನ ಊರ ಹೊರಗಿತ್ತು. ಒಂದು ಕಡೆ ಶಾಮಿಯಾನ, ಮೈಕು, ಟೇಬಲ್ಲಿನ ಮೇಲೆ ಕಪ್ಪು. ಇನ್ನೊಂದು ಕಡೆ, ವಿಕೆಟ್ಟಿನಿಂದ ಅಷ್ಟೇನೂ ದೂರವಲ್ಲದ ಹಾಗೆ, ಒಂದು ಕಣ. ಜೋಳ ಒಕ್ಕುವ ಕಾಲ ಅದು. ನೆಲಕ್ಕೆ ನೀರು ಹೊಡೆದು, ಕಲ್ಲು ಉರುಳಿಸಿ, ಸೆಗಣಿ ಸಾರಿಸಿ ಕಣ ಮಾಡಿದ್ದರು. ನಡುವೆ ಬಿಳಿಜೋಳದ ರಾಶಿ, ಆಳೆತ್ತರ. ರಾಶಿಯ ಪಕ್ಕದಲ್ಲಿ ಒಬ್ಬ ಮುದುಕಿ ಬಾರುಕೋಲು ಹಿಡಿದು ಕೂತಿದ್ದಳು. ರಾಶಿ ತೆಗೆದು ಜಾಗ ಬಿಡಿ ಅಂತ ಟೂರ್ನಮೆಂಟಿನವರು ಕೇಳಲು ಹೋದರೆ ಅವಳು, ‘ಪೂಜಿ ಆಗಿಲ್ಲ, ಅಳತಿ ಆಗಿಲ್ಲ. ನಿಮ್ಮ ಗೋಲಿ ಆಟದ ಸಲುವಾಗಿ ನನ್ನ ರಾಶಿ ಎಬ್ಬಿಸ್ಲೇನು? ಹೋಗ್ರಿ ಅತ್ಲಾಗ,’ ಎಂದು ಬಾರುಕೋಲು ತೋರಿಸಿದಳಂತೆ. ಕೊನೆಗೆ ಎರಡೂ ಕ್ಯಾಪ್ಟನ್‌ಗಳು ಸೇರಿ ಒಂದು ಒಪ್ಪಂದಕ್ಕೆ ಬಂದರು. ಕಣ ಮೈದಾನದ ಒಳಗೇ ಇರಲಿ, ಬಾಲು ರಾಶಿಗೆ ಬಿದ್ದರೆ ಎರಡು ರನ್ನು.

ಸೋದರಮಾವ ನನ್ನ ಕಿವಿಯ ಹತ್ತಿರ ಬಾಯಿ ತಂದು, ಪಕ್ಕದಲ್ಲಿದ್ದ ಕ್ಯಾಪ್ಟನ್‌ಗೂ ಕೇಳುವಷ್ಟು ಜೋರಾಗಿ ಹೇಳಿದ. ‘ಆ ಕಣ ಯಾರದ್ದು ಗೊತ್ತೇನಲೇ? ಅವರದ್ದ. ಆ ಮುದುಕಿ ಅಜ್ಜಿ. ಬೇವಿನ ಗಿಡದ ಬುಡಕ್ಕ ನಿಂತಾರಲ್ಲ ರುಮಾಲಿನವರು, ಅವರ ನಿನ್ನ ಮಾವ ಆಗಬೇಕಾದವರು. ನೆಟ್ಟಗ ಆಡು.’ ಬೇವಿನ ಮರದ ಕೆಳಗೆ ಬುತ್ತಿಯ ಬುಟ್ಟಿ ಇಳಿಸಿಕೊಂಡು ಒಬ್ಬ ಹುಡುಗಿಯೂ ನಿಂತಿದ್ದಳು. ಅವಳೇ.

ಆಟ ಶುರುವಾಯಿತು. ನಾವು ಮೊದಲು ಆಡಿ ಸುಮಾರಾಗಿ ಹೊಡೆದೆವು. ನಾನು ಎಷ್ಟು ಹೊಡೆದೆ ಅಂತ ಕೇಳಬೇಡಿ, ಕೀಪರ್‌ಗೆ ಅದನ್ನು ಯಾರೂ ಕೇಳಬಾರದು. ಮಧ್ಯಾಹ್ನ ಅವರ ಸರದಿ ಬಂದಾಗ ಪ್ಯಾಡು ಕಟ್ಟಿ ಕೂತೆ. ಮೊದಲ ಬಾಲು ಗ್ಲೌಸಿಗೆ ಬಂದು ಟಪ್ಪೆಂದಾಗ ಬಾಯಿಯ ಬೀಗ ತಾನಾಗಿ ಬಿಚ್ಚಿಕೊಂಡಿತು. ‘ಬರ್ರಿ ಅಣ್ಣಾರ, ಹರಪನಹಳ್ಳಿಯಾಗ ಮೆಕ್ಕಿಜೋಳಕ್ಕ ಏನು ರೇಟು? ಬಸ್ಸಿಗೆ ಹೋಗ್ತೀರೋ ರೈಲಿಗೋ? ಬಸ್ಸಾದ್ರ ಐದು ಗಂಟಿಗೈತಿ, ಲಗೂನ ಔಟಾದ್ರ ಸೀಟು ಸಿಗ್ತೈತಿ.’ ಅವರ ಕಡೆಯ ಒಬ್ಬ ತಿರುಗಿ, ‘ಏ ಸುಮ್ನಿರಪ್ಪ ಮಾರಾಯ, ನಿನ್ ಕಾಟಕ್ಕೆ ತಲೆ ಕೆಟ್ಟೋಗೈತೆ!’ ಎಂದು ಕೈ ಮುಗಿದ. ಮುಂದಿನ ಬಾಲಿಗೆ ಮುಂದೆ ನುಗ್ಗಿದ, ನಾನು ಕಡ್ಡಿ ಎಗರಿಸಿದೆ. ಬೇವಿನ ಮರದ ಕಡೆ ಒಂದು ಸಲ ಕಳ್ಳನೋಟ ಬೀರಿದೆ. ರುಮಾಲಿನವರು ಎಲೆ ಅಡಿಕೆ ಹಾಕುತ್ತಿದ್ದರು, ಇತ್ತ ನೋಡಿದ ಹಾಗೆ ಕಾಣಲಿಲ್ಲ.

ಹೊತ್ತು ಇಳಿಯುವಾಗ ಆಟ ಕತ್ತಿಯ ಅಂಚಿಗೆ ಬಂತು. ಅವರ ಕೊನೆಯ ಜೋಡಿ. ಗೆಲ್ಲಲು ಎರಡು ರನ್ನು ಬೇಕು. ನಮಗೆ ಒಂದೇ ಒಂದು ವಿಕೆಟ್ಟು ಸಾಕು. ಬ್ಯಾಟು ಹಿಡಿದವನು ಬಾಲು ಬಂದ ಕಡೆ ಕಣ್ಣುಮುಚ್ಚಿ ಬೀಸುವ ಆಸಾಮಿ. ಕ್ಯಾಪ್ಟನ್ ತಾನೇ ಬಾಲು ಕೈಗೆ ತೆಗೆದುಕೊಂಡ. ನನ್ನ ಕಡೆ ನೋಡಿ ತಲೆ ಆಡಿಸಿದ. ಧೂಳೆಬ್ಬಿಸಿಕೊಂಡು ಓಡಿ ಬಂದು ಎಸೆದ. ಅವನು ಬೀಸಿದ. ಬಾಲು ಬ್ಯಾಟಿನ ಮೇಲಂಚಿಗೆ ತಾಗಿ ನನ್ನ ತಲೆಯ ಮೇಲೆ, ನೇರ ಆಕಾಶಕ್ಕೆ ಹೋಯಿತು.

‘ನಂದು! ನಂದು!’ ಎಂದು ಕೂಗಿ ಹಿಂದಕ್ಕೆ ತಿರುಗಿ ಓಡಿದೆ. ಅಂಥ ಕ್ಯಾಚು ನನಗೆ ಹಾಲು ಕುಡಿದಷ್ಟು ಸಲೀಸು. ಬಾಲು ಮೇಲೆ ಚಿಕ್ಕದಾಗಿ ಕಾಣುತ್ತಿತ್ತು, ನಾನು ಕಣ್ಣು ಕೀಳದೆ ಅದರ ಕೆಳಗೆ ಓಡುತ್ತಿದ್ದೆ. ಕಪ್ಪು, ಖಾಯಂ, ಮಲ್ಲಿಗೆ ಜಡೆ ಎಲ್ಲ ಆ ಬಾಲಿನ ಜೊತೆಗೇ ಇಳಿದು ಬರುತ್ತಿದ್ದವು. ಅಷ್ಟರಲ್ಲಿ ಕಾಲ ಕೆಳಗಿನ ನೆಲ ಬದಲಾಯಿತು. ಮಣ್ಣು ಹೋಗಿ ಸಾರಿಸಿದ ನೆಲದ ನುಣುಪು ತಾಗಿತು. ಬೂಟಿನ ಅಡಿಯಲ್ಲಿ ಜೋಳದ ಕಾಳು ಕಟುಂ ಎಂದಿತು.

ನಾನು ನಿಂತುಬಿಟ್ಟೆ. ನಮ್ಮ ಕಡೆ ಕಾಳಿರುವ ಕಣಕ್ಕೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಕಾಲಿಡುವುದಿಲ್ಲ. ಗೌಡನಾಗಲಿ ಸಾಹೇಬನಾಗಲಿ, ಅಂಚಿನಲ್ಲಿ ಬಿಟ್ಟೇ ಒಳಗೆ ಬರಬೇಕು. ನನ್ನ ಕ್ಯಾನ್ವಾಸ್ ಬೂಟಿನ ಹಿಮ್ಮಡಿ ತುಳಿದು ತುಳಿದು ಚಪ್ಪಲಿಯ ಹಾಗೆ ಆಗಿತ್ತು. ಎಡಗಾಲಿನದು ಜಾಡಿಸಿದೆ, ಬಲಗಾಲಿನದು ಜಾಡಿಸಿದೆ. ಬರಿಗಾಲಲ್ಲಿ ಒಂದು ಹೆಜ್ಜೆ ಒಳಗಿಟ್ಟು ಕೈ ಚಾಚಿದೆ. ಬಾಲು ಗ್ಲೌಸಿನ ತುದಿಗೆ ತಾಗಿ, ನನ್ನ ಮುಂದೆಯೇ, ರಾಶಿಯೊಳಗೆ ಬುಸಕ್ಕೆಂದು ಮುಳುಗಿತು.

ಎರಡು ರನ್ನು. ಹರಪನಹಳ್ಳಿಯವರು ಕುಣಿಯುತ್ತ ಮೈದಾನಕ್ಕೆ ನುಗ್ಗಿದರು. ನಾನು ರಾಶಿಯ ಮುಂದೆ ಮೊಣಕಾಲೂರಿ ಕೂತೆ. ಅಯ್ಯೋ ಶಿವನೇ, ಏನು ಮಾಡಿಕೊಂಡೆ! ರಾಶಿಗೆ ಕೈಹಾಕಿ ಬಾಲು ತೆಗೆದೆ. ಚೆಲ್ಲಿದ ಕಾಳನ್ನು ಗ್ಲೌಸಿನಿಂದಲೇ ಬಳಿದು ಮತ್ತೆ ರಾಶಿಗೆ ಹಾಕಿದೆ. ಕೈಗೆ ಬೇರೆ ಕೆಲಸ ತೋಚಲಿಲ್ಲ. ಮುದುಕಿ ಬಾರುಕೋಲು ಊರಿಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ತಲೆ ಎತ್ತಿ ಬೇವಿನ ಮರದ ಕಡೆ ನೋಡುವ ಧೈರ್ಯ ಬರಲಿಲ್ಲ.

ಕ್ಯಾಪ್ಟನ್ ಓಡಿ ಬಂದ. ಅವನ ಕಣ್ಣು ಕೆಂಡ. ‘ಲೇ! ಏನಲೇ ಮಾಡ್ದಿ? ಮಾವನ್ನ ಮೆಚ್ಚಿಸಾಕ ಬೂಟು ಬಿಟ್ಟೆಲ್ಲೋ! ಹನ್ನೊಂದು ಮಂದಿ ಬೆವರು ಸುರಿಸಿದ್ದು ನಿನ್ನ ಮದಿವಿಗೇನಲೇ?’

‘ಇಲ್ಲೋ, ದೇವರಾಣಿ! ನನಗ ಗೊತ್ತ ಆಗಲಿಲ್ಲ,’ ಎಂದೆ.

‘ಗೊತ್ತಾಗದ ಬೂಟು ಬಿಡ್ತಾರೇನಲೇ ಯಾರರ?’ ಎಂದು ಅವನು ಬಾಲನ್ನು ನೆಲಕ್ಕೆ ಅಪ್ಪಳಿಸಿದ. ರೈಲಿನಲ್ಲಿ ವಾಪಸು ಬರುವಾಗ ನನ್ನ ಪಕ್ಕ ಯಾರೂ ಕೂರಲಿಲ್ಲ, ಸೋದರಮಾವನೂ ಸಹ. ಅವನು ಎದುರಿನ ಸೀಟಿನಲ್ಲಿ ಕೂತು, ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ,’ ಎಂದು ಕಿಟಕಿಗೆ ಹೇಳುತ್ತಿದ್ದ.

ಸಾಹುಕಾರರ ಮುಂದೆ ಹೋಗಿ ನಿಂತಾಗ ಅವರದು ಬೇರೆಯೇ ಸಂಕಟ. ಬಯ್ಯಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ‘ನಾನೂ ಕಾಳಿನ ವ್ಯಾಪಾರದಾಗ ಉಂಡವನಪಾ. ಕಣದಾಗ ಯಾಕ ಮೆಟ್ಟು ಬಿಟ್ಟಿ ಅಂತ ಬೈದ್ರ ಲಕ್ಷ್ಮಿಗೆ ಬೈದಂಗ. ಹಂಗಂತ ಕಪ್ಪು ಎಲ್ಲೈತಿ? ನೀನು ಟೆಂಪ್ರವರಿ ಇರು ಇನ್ನೊಂದು ವರ್ಷ. ನಡಿ, ಲಾರಿ ಬಂದೈತಿ ಗೇಟಿಗೆ.’ ಕೆಲಸ ಉಳಿಯಿತಲ್ಲ ಅಂತ ಸಮಾಧಾನ ಪಡಬೇಕಿತ್ತು. ನನಗೆ ಅಳು ಬಂತು. ಲಾರಿಯ ಹಿಂದೆ ನಿಂತು ಚೆನ್ನಾಗಿ ಅತ್ತೆ. ಹಮಾಲರು ಹಿಂಡಿಯ ಧೂಳು ಕಣ್ಣಿಗೆ ಬಿದ್ದಿದೆ ಅಂದುಕೊಂಡು ನೀರು ತಂದುಕೊಟ್ಟರು.

ಕೆಲವು ದಿನ ಕಳೆದ ಮೇಲೆ ಸೋದರಮಾವ ಗೇಟಿನ ಹತ್ತಿರ ಓಡೋಡಿ ಬಂದ. ಸಂತೆಯಲ್ಲಿ ಅವರ ಕಡೆಯವರು ಸಿಕ್ಕಿ, ‘ಹುಡುಗನ್ನ ಕರ್ಕೊಂಡು ಬರ್ರಿ, ಒಂದು ಮಾತು ಕೇಳೂದೈತಿ,’ ಎಂದು ಹೇಳಿ ಕಳಿಸಿದ್ದರಂತೆ. ಅವ್ವ ಹೊಸ ಸೀರೆ ಉಟ್ಟಳು. ‘ಮಾತಾಡು ಅಂದಾಗ ಮಾತಾಡು, ಸುಮ್ಮನಿರು ಅಂದಾಗ ಸುಮ್ಮನಿರು. ಅವರ ಮನಿ ಎಮ್ಮಿ ಸುದ್ದಿ ಎತ್ತಬ್ಯಾಡ,’ ಎಂದು ದಾರಿಯುದ್ದಕ್ಕೂ ಬುದ್ಧಿ ಹೇಳುತ್ತ ಬಂದಳು.

ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಚಾ ಬಂತು. ತಂದಿಟ್ಟವರು ಯಾರೋ ಹೆಂಗಸು, ಹುಡುಗಿ ಅಲ್ಲ. ಒಳಬಾಗಿಲ ಮರೆಯಲ್ಲಿ ಬಳೆಯ ಸದ್ದು ಮಾತ್ರ ಇತ್ತು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ರುಮಾಲಿನವರು ಚಾ ಕುಡಿದು ಬಟ್ಟಲು ಕೆಳಗಿಟ್ಟು ನನ್ನನ್ನು ನೇರ ನೋಡಿದರು.

‘ಖಾಯಂ ಆತೇನಪಾ?’

‘ಇಲ್ರಿ.’

‘ಇರ್ಲಿ. ದುಡಿಯೋ ಕೈಗೆ ಕೆಲಸ ಸಿಗ್ತೈತಿ. ಅದಕ್ಕ ಕರಿಸಿಲ್ಲ ನಿನ್ನ. ಅವತ್ತ ನಮ್ಮ ಕಣದಾಗ ಬೂಟು ಬಿಟ್ಟೆಲ್ಲ, ಆ ಕಣ ನಮ್ಮದು, ನಾನು ಅಲ್ಲಿ ನಿಂತೀನಿ ಅಂತ ನಿನಗ ಗೊತ್ತಿತ್ತೋ ಇಲ್ಲೋ?’

ಸೋದರಮಾವ ನನ್ನ ತೊಡೆ ಚಿವುಟಿದ. ಇಲ್ಲ ಅನ್ನು ಅಂತ ಅದರ ಅರ್ಥ. ನಾನು, ‘ಗೊತ್ತಿತ್ರಿ,’ ಎಂದೆ.

ಅವರು ನಿಟ್ಟುಸಿರು ಬಿಟ್ಟರು. ‘ಅದೇ ನನ್ನ ಮನಸಿನಾಗ ಕೊರಿಯಾಕತ್ತಿತ್ತು. ನೋಡ್ರಿ ಬೀಗರ, ಬಡವ ಇದ್ರ ನಡಿತೈತಿ, ಟೆಂಪ್ರವರಿ ಇದ್ರನೂ ನಡಿತೈತಿ. ಆದ್ರ ಮಂದಿ ನೋಡ್ಲಿ ಅಂತ ಭಕ್ತಿ ಮಾಡಾವ ಬ್ಯಾಡ. ನಾವು ನೋಡಾಕತ್ತೀವಿ ಅಂತ ಗೊತ್ತಿದ್ದು ಬೂಟು ಬಿಟ್ಟಿದ್ರ ಅದು ನಾಟಕ. ನಾಟಕದವ್ಗ ಮಗಳನ್ನ ಕೊಡಾಕಿಲ್ಲ. ಏನಂತೀಯಪಾ, ನಾಟಕನೋ ಖರೇನೋ?’

ತಾಲೂಕು ತಾಲೂಕು ಸುತ್ತಿ ಬಾಯಿಯಿಂದ ವಿಕೆಟ್ಟು ಕಿತ್ತವನು ನಾನು. ಆ ಹೊತ್ತಿನಲ್ಲಿ ಒಂದು ಶಬ್ದ ಹೊರಡಲಿಲ್ಲ. ಖರೇ ಅಂದರೆ ಅದೂ ನಾಟಕದ ಹಾಗೇ ಕೇಳಿಸುತ್ತದಲ್ಲ! ಅವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು. ಸೋದರಮಾವ ಮಂಡಕ್ಕಿಯ ತಟ್ಟೆ ನೋಡತೊಡಗಿದ. ಎಲ್ಲ ಮುಗಿಯಿತು, ಎದ್ದು ಹೋಗುವುದೊಂದೇ ಬಾಕಿ ಅನ್ನಿಸಿತು.

ಆಗ ಬಾಗಿಲ ಮರೆಯಿಂದ ಒಂದು ದನಿ ಬಂತು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

‘ಅಪ್ಪಾ, ನಾಟಕ ಅಲ್ಲ. ಅವರು ನಮ್ಮ ಕಡೆ ತಿರುಗಿ ನೋಡಲೇ ಇಲ್ಲ. ಕಣ್ಣು ಮ್ಯಾಲೆ ಬಾಲಿನ ಮ್ಯಾಲಿದ್ವು. ಬೂಟು ಬಿಡುವಾಗ್ಲೂ ಮ್ಯಾಲ ಇದ್ವು. ಬಿಟ್ಟಿದ್ದು ಅವರಲ್ಲ, ಅವರ ಕಾಲು.’

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಹಾಗೆ ಬಾಯಿ ಹಾಕುವುದು ಆ ಕಾಲದಲ್ಲಿ ಎಲ್ಲಿತ್ತು? ರುಮಾಲಿನವರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಮೀಸೆಯ ಕೆಳಗೆ ಏನೋ ಅಲುಗಿತು.

‘ಅಲ್ಲವಾ, ಬಾಲು ಮುಗಿಲಿಗೆ ಹೋಗಿತ್ತು. ನಾನು ಬಾಲು ನೋಡಾಕತ್ತಿದ್ದೆ, ನಿಮ್ಮಜ್ಜಿ ಬಾಲು ನೋಡಾಕತ್ತಿದ್ಲು, ಊರು ಮಂದಿಯೆಲ್ಲ ಬಾಯಿ ತಗದು ಬಾಲು ನೋಡಾಕತ್ತಿದ್ರು. ಅವನ ಕಣ್ಣು ಎಲ್ಲಿದ್ವು ಅಂತ ನಿನಗ ಹೆಂಗ ಗೊತ್ತಾತು?’

ಒಳಗೆ ಬಳೆಗಳು ಘಲ್ಲೆಂದು ಅಡುಗೆಮನೆಯ ಕಡೆ ಓಡಿದವು. ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಕಂಬ ಹಿಡಿದುಕೊಂಡು ಎದ್ದಳು. ‘ಇನ್ನೇನು ಕೇಳ್ತಿಯೋ ಅದನ್ನ,’ ಎಂದು ಮಗನ ತಲೆಗೆ ಮೊಟಕಿ, ಎಲೆ ಅಡಿಕೆಯ ತಟ್ಟೆ ತರಲು ಒಳಗೆ ಹೋದಳು.